ಕೊನೆಯ ಸಾಲು ಓದಿದ ಮಗುವಿಗೂ ಕನ್ನಡಕ ಬೇಕಾಗಬಹುದು

ಶಾಲೆಗೆ ಕಣ್ಣು ತಪಾಸಣೆಯ ತಂಡ ಬಂದಾಗ ನಡೆಯುವುದು ಇಷ್ಟು. ಗೋಡೆಗೆ ಅಕ್ಷರಗಳ ಫಲಕ ತೂಗುಹಾಕಿ, ಆರು ಮೀಟರ್ ದೂರದಲ್ಲಿ ಗೆರೆ ಎಳೆಯುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಒಂದು ಕಣ್ಣು ಮುಚ್ಚಿ ಓದುತ್ತಾರೆ. ನಡುವಿನ ಸಾಲಿನಲ್ಲೇ ತಡವರಿಸಿದವರ ಹೆಸರು ಪಟ್ಟಿಗೆ ಸೇರುತ್ತದೆ. ಕೆಳಗಿನ ಸಣ್ಣ ಸಾಲನ್ನೂ ಪಟಪಟನೆ ಓದಿದವರ ಮುಂದೆ ‘ನಾರ್ಮಲ್’ ಎಂದು ಬರೆದು ಕಳಿಸುತ್ತಾರೆ. ಸಮೀಪದೃಷ್ಟಿಯ, ಅಂದರೆ ಮೈನಸ್ ನಂಬರಿನ ಮಕ್ಕಳನ್ನು ಹುಡುಕಲು ಇದು ಸರಳವಾದ, ಹೆಚ್ಚು ಖರ್ಚಿಲ್ಲದ, ನಿಜಕ್ಕೂ ಒಳ್ಳೆಯ ವಿಧಾನ.

ಆದರೆ ‘ನಾರ್ಮಲ್’ ಎನಿಸಿಕೊಂಡು ತರಗತಿಗೆ ಮರಳಿದವರಲ್ಲಿ ದೂರದೃಷ್ಟಿ ದೋಷದ ಮಕ್ಕಳೂ ಇರುತ್ತಾರೆ. ಇವರದು ಪ್ಲಸ್ ನಂಬರು. ಫಲಕದ ಕೊನೆಯ ಸಾಲನ್ನು ಇವರು ತಪ್ಪಿಲ್ಲದೆ ಓದಬಲ್ಲರು. ಸಂಜೆ ಪುಸ್ತಕ ಹಿಡಿದ ಅರ್ಧ ಗಂಟೆಗೆ ಹಣೆ ನೋಯುತ್ತದೆ, ಕಣ್ಣು ಉಜ್ಜಿಕೊಳ್ಳುತ್ತಾರೆ, ಸಾಲು ತಪ್ಪುತ್ತದೆ, ಪುಸ್ತಕ ಮುಚ್ಚಿ ಏಳುತ್ತಾರೆ. ‘ಆಟಕ್ಕೆ ಇಲ್ಲದ ತಲೆನೋವು ಓದುವಾಗ ಮಾತ್ರ ಬರುತ್ತಾ?’ ಎಂದು ಮನೆಯಲ್ಲಿ ಬೈಸಿಕೊಳ್ಳುತ್ತಾರೆ. ಹೌದು, ಓದುವಾಗಲೇ ಬರುತ್ತದೆ. ಅದಕ್ಕೆ ಕಾರಣ ಸೋಮಾರಿತನವಲ್ಲ, ಕಣ್ಣಿನ ರಚನೆ. ಕಾಣಿಸುವುದು ಬೇರೆ, ಆಯಾಸವಿಲ್ಲದೆ ಕಾಣಿಸುವುದು ಬೇರೆ. ನಮ್ಮ ತಪಾಸಣೆಗಳು ಮೊದಲನೆಯದನ್ನಷ್ಟೇ ಕೇಳುತ್ತಿವೆ.

ಗಿಡ್ಡ ಕಣ್ಣಿನ ಲೆಕ್ಕ

ಬೆಳೆದವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದ. ಒಳಗೆ ಬರುವ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಮುಂಭಾಗದ ಕಾರ್ನಿಯಾದ್ದು, ಉಳಿದದ್ದು ಒಳಗಿನ ಮಸೂರದ್ದು. ಈ ಎರಡೂ ಸೇರಿ ಬೆಳಕನ್ನು ಸರಿಯಾಗಿ ಅಕ್ಷಿಪಟದ ಮೇಲೆ ಕೂಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕಣ್ಣುಗುಡ್ಡೆ ಗಿಡ್ಡವಾಗಿದ್ದರೆ, ಅಥವಾ ಕಾರ್ನಿಯಾ ಹೆಚ್ಚು ಚಪ್ಪಟೆಯಾಗಿದ್ದರೆ, ಬೆಳಕು ಕೂಡುವ ಮೊದಲೇ ಅಕ್ಷಿಪಟ ಎದುರಾಗುತ್ತದೆ. ಒಂದು ಮಿಲಿಮೀಟರ್ ಗಿಡ್ಡವಾದರೂ ಸುಮಾರು 3 ಡಯಾಪ್ಟರ್‌ನಷ್ಟು ಪ್ಲಸ್ ನಂಬರು ಬರುತ್ತದೆ; ಕನ್ನಡಕದ ನಂಬರನ್ನು ಅಳೆಯುವ ಮಾನವೇ ಡಯಾಪ್ಟರ್.

ಹುಟ್ಟಿದ ಮಗುವಿನ ಕಣ್ಣು ಸುಮಾರು 17 ಮಿಲಿಮೀಟರ್ ಮಾತ್ರ. ಆದ್ದರಿಂದ ಹೆಚ್ಚಿನ ಶಿಶುಗಳಲ್ಲಿ ಪ್ಲಸ್ 2 ಅಥವಾ 3ರಷ್ಟು ದೂರದೃಷ್ಟಿ ಇದ್ದೇ ಇರುತ್ತದೆ, ಅದು ಕಾಯಿಲೆಯಲ್ಲ. ಕಣ್ಣು ಬೆಳೆದಂತೆ ನಂಬರು ಇಳಿಯುತ್ತಾ ಬಂದು, ಐದಾರು ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಕೆಲವರಲ್ಲಿ ಹಾಗೆ ಇಳಿಯುವುದಿಲ್ಲ. ತಂದೆ, ತಾಯಿ, ಅಣ್ಣ, ಅಕ್ಕ ಯಾರಿಗಾದರೂ ದೊಡ್ಡ ಪ್ಲಸ್ ನಂಬರು ಅಥವಾ ಮೆಳ್ಳೆಗಣ್ಣು ಇದ್ದರೆ ಸಾಧ್ಯತೆ ಹೆಚ್ಚು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಇದು ಹೆಚ್ಚಾಗಿ ಕಾಣುತ್ತದೆ.

ಇಂಥ ಮಗು ಫಲಕ ಓದುವುದು ಹೇಗೆ? ಮಸೂರದ ಸುತ್ತ ಸಿಲಿಯರಿ ಎಂಬ ಪುಟ್ಟ ಸ್ನಾಯು ಇದೆ. ಅದು ಬಿಗಿದಾಗ ಮಸೂರ ಉಬ್ಬಿ ಅದರ ಶಕ್ತಿ ಹೆಚ್ಚುತ್ತದೆ. ದೋಷವಿಲ್ಲದ ಕಣ್ಣಿಗೆ ದೂರ ನೋಡುವಾಗ ಈ ಸ್ನಾಯುವಿನ ಅಗತ್ಯವಿಲ್ಲ. ಮೂವತ್ತಮೂರು ಸೆಂಟಿಮೀಟರ್ ದೂರದಲ್ಲಿ ಪುಸ್ತಕ ಹಿಡಿದಾಗ 3 ಡಯಾಪ್ಟರ್ ಸಾಕು. ಪ್ಲಸ್ 4 ಇರುವ ಮಗುವಿಗೆ ಕರಿಹಲಗೆ ನೋಡಲು 4, ಪುಸ್ತಕ ಓದಲು 7 ಡಯಾಪ್ಟರ್ ಬೇಕು. ಹತ್ತು ವರ್ಷದ ಮಗುವಿನ ಮಸೂರಕ್ಕೆ ಹನ್ನೆರಡು ಡಯಾಪ್ಟರ್ ಮೇಲೂ ಉಬ್ಬುವ ತಾಕತ್ತು ಇರುವುದರಿಂದ ಅದು ನಡೆಸಿಕೊಂಡು ಹೋಗುತ್ತದೆ. ತುಂಬಿದ ಕೊಡ ಸೊಂಟದ ಮೇಲಿಟ್ಟು ನಡೆಯುವವರನ್ನು ದೂರದಿಂದ ನೋಡಿದರೆ ನಡಿಗೆಯಲ್ಲಿ ಕೊರತೆ ಕಾಣುವುದಿಲ್ಲ, ಭಾರ ಹೊತ್ತವರಿಗಷ್ಟೇ ಗೊತ್ತು. ಈ ಮಕ್ಕಳು ಎಚ್ಚರವಿರುವಷ್ಟು ಹೊತ್ತೂ ಆ ಕೊಡ ಇಳಿಸುವುದಿಲ್ಲ.

‘ದೂರದ್ದು ಸ್ಪಷ್ಟ, ಹತ್ತಿರದ್ದು ಮಸುಕು’ ಎಂದು ಹತ್ತನೇ ತರಗತಿಯಲ್ಲಿ ಕಲಿತದ್ದು ಈ ಕಾರಣಕ್ಕೇ ಅರ್ಧ ಸತ್ಯ. ವಯಸ್ಸು ಸೇರಿಸದೆ ದೂರದೃಷ್ಟಿಯನ್ನು ವಿವರಿಸಲಾಗದು. ಪ್ಲಸ್ 3 ಇರುವ ಹುಡುಗನಿಗೆ ಹತ್ತರ ವಯಸ್ಸಿನಲ್ಲಿ ಎರಡೂ ಕಾಣುತ್ತವೆ. ಮೂವತ್ತರ ಆಚೆ ಹತ್ತಿರದ ಕೆಲಸ ದಣಿಸುತ್ತದೆ. ಐವತ್ತರ ಹೊತ್ತಿಗೆ ಮಸೂರ ಗಡುಸಾಗಿ, ಹತ್ತಿರದ್ದರ ಜೊತೆಗೆ ದೂರದ್ದೂ ಮಸುಕಾಗುತ್ತದೆ. ಇಷ್ಟು ವರ್ಷವೂ ನಂಬರು ಇದ್ದದ್ದು ಹೆಚ್ಚುಕಡಿಮೆ ಅಷ್ಟೇ, ಅದನ್ನು ಮುಚ್ಚಿಡುವ ಸ್ನಾಯುವಿನ ಸಾಮರ್ಥ್ಯ ಕುಗ್ಗಿತು.

ಇದನ್ನು ಜಗತ್ತಿಗೆ ಬಿಡಿಸಿ ಹೇಳಿದವರು ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ನಗರದ ವೈದ್ಯ ಫ್ರಾನ್ಸಿಸ್ಕಸ್ ಡೊಂಡರ್ಸ್. ಅದಕ್ಕೆ ಮೊದಲು, ಓದು ಹೊಲಿಗೆಗಳಲ್ಲಿ ಬೇಗ ಕಣ್ಣು ಸೋಲುವವರನ್ನು ‘ದುರ್ಬಲ ದೃಷ್ಟಿ’ಯವರೆಂದು ಕರೆದು, ಕಸುಬನ್ನೇ ಬಿಡುವಂತೆ ಹೇಳುವ ವೈದ್ಯರಿದ್ದರು. ಆ ಆಯಾಸದ ಹಿಂದೆ ಇರುವುದು ದೂರದೃಷ್ಟಿ ದೋಷ, ಪೀನ ಮಸೂರದ ಕನ್ನಡಕದಿಂದ ಅದು ನೀಗುತ್ತದೆ ಎಂದು ಡೊಂಡರ್ಸ್ 1864ರ ತಮ್ಮ ದೊಡ್ಡ ಗ್ರಂಥದಲ್ಲಿ ತೋರಿಸಿದರು. ವಯಸ್ಸಿಗೆ ಬರುವ ಚಾಳೀಸಿಗೂ ಹುಟ್ಟಿನಿಂದ ಇರುವ ದೂರದೃಷ್ಟಿಗೂ ಇರುವ ವ್ಯತ್ಯಾಸವನ್ನು ಸ್ಪಷ್ಟಪಡಿಸಿದರು. ಒಳಕ್ಕೆ ತಿರುಗುವ ಮೆಳ್ಳೆಗಣ್ಣಿಗೂ ಪ್ಲಸ್ ನಂಬರಿಗೂ ಇರುವ ನಂಟನ್ನು ಗುರುತಿಸಿದವರೂ ಅವರೇ. ನಮ್ಮ ಶಾಲೆಗಳ ಗೋಡೆಗೆ ಇಂದಿಗೂ ತೂಗುವ ಅಕ್ಷರ ಫಲಕ 1862ರಲ್ಲಿ ಬಂದದ್ದು ಅವರ ಸಹೋದ್ಯೋಗಿ ಹರ್ಮನ್ ಸ್ನೆಲೆನ್ ಅವರಿಂದ. ಆ ಊರಿನಿಂದ ನಾವು ಫಲಕವನ್ನು ತಂದುಕೊಂಡೆವು. ಫಲಕಕ್ಕೆ ಸಿಗದ ದೋಷದ ಬಗ್ಗೆ ಅಲ್ಲೇ ಹುಟ್ಟಿದ ತಿಳಿವಳಿಕೆ ನಮ್ಮ ಶಾಲೆಗಳನ್ನು ಇನ್ನೂ ಸರಿಯಾಗಿ ತಲುಪಿಲ್ಲ.

ಮೆಳ್ಳೆಗಣ್ಣು ಅದೃಷ್ಟವಲ್ಲ

ಹತ್ತಿರ ನೋಡಲು ಮಸೂರ ಉಬ್ಬಿದಾಗ ಎರಡೂ ಕಣ್ಣುಗಳು ಮೂಗಿನ ಕಡೆಗೆ ತುಸು ತಿರುಗುತ್ತವೆ. ಮಿದುಳು ಈ ಎರಡು ಕೆಲಸಗಳನ್ನು ಜೋಡಿಯಾಗಿ ನಡೆಸುತ್ತದೆ. ದೊಡ್ಡ ಪ್ಲಸ್ ನಂಬರಿನ ಮಗು ಸದಾ ಮಸೂರ ಉಬ್ಬಿಸುತ್ತಿರುವಾಗ ಕಣ್ಣುಗಳಿಗೆ ಒಳಕ್ಕೆ ತಿರುಗುವ ಆದೇಶವೂ ಹೋಗುತ್ತಲೇ ಇರುತ್ತದೆ. ಕೊನೆಗೆ ಒಂದು ಕಣ್ಣು ಮೂಗಿನತ್ತ ವಾಲುತ್ತದೆ. ಸಾಮಾನ್ಯವಾಗಿ ಇದು ಎರಡು ಮೂರು ವರ್ಷದ ಹೊತ್ತಿಗೆ ಶುರುವಾಗುತ್ತದೆ. ಮೊದಮೊದಲು ಮಗು ದಣಿದಾಗ, ಜ್ವರ ಬಂದಾಗ, ತಟ್ಟೆಯ ಅನ್ನವನ್ನು ದಿಟ್ಟಿಸುವಾಗ ಮಾತ್ರ ಕಾಣುತ್ತದೆ.

ನಮ್ಮಲ್ಲಿ ಇದನ್ನು ಅದೃಷ್ಟ ಅನ್ನುವವರಿದ್ದಾರೆ. ‘ದೊಡ್ಡದಾದ ಮೇಲೆ ತಾನೇ ಸರಿಹೋಗುತ್ತದೆ’ ಅನ್ನುವವರು ಇನ್ನೂ ಹೆಚ್ಚು. ಎರಡೂ ಮಾತು ಮಗುವಿನ ದೃಷ್ಟಿಯನ್ನು ಕಿತ್ತುಕೊಳ್ಳುತ್ತವೆ. ಎರಡು ಕಣ್ಣು ಎರಡು ದಿಕ್ಕಿಗೆ ನೋಡಿದರೆ ಮಿದುಳಿಗೆ ಎರಡು ಚಿತ್ರ ಬರುತ್ತವೆ. ಗೊಂದಲ ತಪ್ಪಿಸಲು ಅದು ತಿರುಗಿದ ಕಣ್ಣಿನ ಚಿತ್ರವನ್ನು ಕೈಬಿಡುತ್ತದೆ. ವರ್ಷಗಟ್ಟಲೆ ಹೀಗಾದರೆ ಆ ಕಣ್ಣು ನೋಡಲು ಕಲಿಯುವುದೇ ಇಲ್ಲ. ಇದಕ್ಕೆ ಆಂಬ್ಲಿಯೋಪಿಯಾ ಎನ್ನುತ್ತಾರೆ, ಬಳಕೆಯ ಮಾತಿನಲ್ಲಿ ‘ಸೋಮಾರಿ ಕಣ್ಣು’. ಸರಿಯಾದ ಕನ್ನಡಕ ಹಾಕಿಸಿ, ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ, ಕುಂಠಿತವಾದ ಕಣ್ಣಿಗೆ ಕೆಲಸ ಕೊಡುವುದೇ ಚಿಕಿತ್ಸೆ. ಏಳೆಂಟು ವರ್ಷದೊಳಗೆ ಆರಂಭಿಸಿದರೆ ಫಲ ಚೆನ್ನಾಗಿರುತ್ತದೆ. ಆಮೇಲೂ ಕೆಲವರಲ್ಲಿ ಸುಧಾರಣೆ ಆಗುವುದುಂಟು, ಆದರೆ ತಡವಾದಷ್ಟೂ ಕಷ್ಟ.

ಇನ್ನೊಂದು ಬಗೆ ಇದಕ್ಕಿಂತಲೂ ಮೋಸದ್ದು. ಒಂದು ಕಣ್ಣಿಗೆ ಪ್ಲಸ್ 1, ಇನ್ನೊಂದಕ್ಕೆ ಪ್ಲಸ್ 4 ಇದೆ ಎನ್ನಿ. ಮೆಳ್ಳೆ ಇರುವುದಿಲ್ಲ, ತಲೆನೋವು ಇರುವುದಿಲ್ಲ, ದೂರೂ ಇರುವುದಿಲ್ಲ. ಒಳ್ಳೆಯ ಕಣ್ಣಿನಿಂದಲೇ ಮಗು ಓದಿ ಆಡಿ ಬೆಳೆಯುತ್ತದೆ, ಇನ್ನೊಂದು ಸದ್ದಿಲ್ಲದೆ ಹಿಂದುಳಿಯುತ್ತದೆ. ದೃಷ್ಟಿ ಪರೀಕ್ಷೆಯಲ್ಲಿ ಒಂದು ಕಣ್ಣನ್ನು ಪೂರ್ತಿ ಮುಚ್ಚಿಸಲೇಬೇಕು, ಬೆರಳ ಸಂದಿಯಲ್ಲಿ ಇಣುಕಲು ಬಿಡಬಾರದು ಎನ್ನುವುದು ಇದಕ್ಕಾಗಿಯೇ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಮೆಳ್ಳೆಗಣ್ಣಿಗೆಲ್ಲ ಪ್ಲಸ್ ನಂಬರೇ ಕಾರಣವಲ್ಲ. ಅಪರೂಪಕ್ಕೆ ಕಣ್ಣಿನೊಳಗಿನ ಗೆಡ್ಡೆಯೂ ಹೀಗೆ ಕಾಣಿಸಿಕೊಳ್ಳುತ್ತದೆ. ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು ಕಂಡರಂತೂ ಒಂದು ದಿನವೂ ಕಾಯಬಾರದು.

ಹನಿ ಹಾಕಿ ನೋಡುವುದೇ ಪರೀಕ್ಷೆ

ಮುಚ್ಚಿಟ್ಟ ನಂಬರನ್ನು ಹೊರಗೆಳೆಯಲು ಇರುವ ದಾರಿ, ಸಿಲಿಯರಿ ಸ್ನಾಯುವನ್ನು ಕೆಲವು ಹೊತ್ತು ಸುಮ್ಮನಿರಿಸುವುದು. ಅದಕ್ಕಾಗಿ ಸೈಕ್ಲೋಪೆಂಟೊಲೇಟ್ ಅಥವಾ ಹೋಮಟ್ರೋಪಿನ್ ಹನಿ ಹಾಕುತ್ತಾರೆ. ತೀರಾ ಚಿಕ್ಕ ಮಕ್ಕಳಿಗೆ, ವಿಶೇಷವಾಗಿ ಮೆಳ್ಳೆಗಣ್ಣಿದ್ದರೆ, ಮನೆಯಲ್ಲೇ ಎರಡು ಮೂರು ದಿನ ಹಚ್ಚಲು ಅಟ್ರೋಪಿನ್ ಮುಲಾಮು ಕೊಡುವುದುಂಟು. ಸ್ನಾಯು ಸಡಿಲಾದ ಮೇಲೆ ವೈದ್ಯರು ರೆಟಿನೋಸ್ಕೋಪ್ ಎಂಬ ಉಪಕರಣದಿಂದ ಕಣ್ಣಿನೊಳಕ್ಕೆ ಬೆಳಕು ಹಾಯಿಸಿ, ಅಕ್ಷಿಪಟದಿಂದ ಮರಳುವ ಹೊಳಪು ಯಾವ ಕಡೆ ಚಲಿಸುತ್ತದೆ ಎಂದು ನೋಡುತ್ತಾ ಮಸೂರಗಳನ್ನು ಬದಲಿಸಿ ನಂಬರು ಹುಡುಕುತ್ತಾರೆ. ಮಗು ಒಂದಕ್ಷರ ಓದಬೇಕಿಲ್ಲ, ಉತ್ತರ ಹೇಳಬೇಕಿಲ್ಲ. ಮಾತು ಬಾರದ ಕೂಸಿಗೂ ಈ ಪರೀಕ್ಷೆ ಮಾಡಬಹುದು.

ಹನಿ ಹಾಕಿದ ಮೇಲೆ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಸೈಕ್ಲೋಪೆಂಟೊಲೇಟ್ ಪರಿಣಾಮ ಸುಮಾರು ಒಂದು ದಿನ, ಹೋಮಟ್ರೋಪಿನ್‌ನದು ಎರಡು ಮೂರು ದಿನ, ಅಟ್ರೋಪಿನ್‌ನದು ಒಂದೆರಡು ವಾರ ಇರಬಹುದು. ಇದರಿಂದ ಕಣ್ಣು ಹಾಳಾಗುವುದಿಲ್ಲ. ಅಟ್ರೋಪಿನ್ ಹಚ್ಚಿದಾಗ ಮುಖ ಕೆಂಪೇರಿದರೆ, ಮೈ ಬಿಸಿಯಾದರೆ, ಮಗು ಚಡಪಡಿಸಿದರೆ ಹಚ್ಚುವುದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಹಚ್ಚಿದ ಕೈ ತೊಳೆದುಕೊಳ್ಳಬೇಕು, ಟ್ಯೂಬನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು.

ಅಂಗಡಿಯ ಯಂತ್ರದ ಮುಂದೆ ಗಲ್ಲವಿಟ್ಟು ತೆಗೆಸಿದ ನಂಬರು ಮಕ್ಕಳ ವಿಷಯದಲ್ಲಿ ಸಾಲದು. ಹನಿ ಹಾಕದೆ ಅಳೆದಾಗ ಮಗು ಯಂತ್ರದ ಮುಂದೆಯೂ ಮಸೂರ ಉಬ್ಬಿಸುತ್ತದೆ, ಪ್ಲಸ್ ನಂಬರು ಇರುವುದಕ್ಕಿಂತ ಕಡಿಮೆ ಬರುತ್ತದೆ. ಕೆಲವೊಮ್ಮೆ ಮೈನಸ್ ಎಂದೇ ತೋರಿಸುತ್ತದೆ. ಪ್ಲಸ್ ಕಣ್ಣಿಗೆ ಮೈನಸ್ ಕನ್ನಡಕ ಹಾಕಿದರೆ ಹೊರೆ ಇನ್ನೂ ಹೆಚ್ಚುತ್ತದೆ.

ಕನ್ನಡಕ ಯಾರಿಗೆ, ಹೇಗೆ

ಪ್ಲಸ್ ನಂಬರು ಸಿಕ್ಕಿದವರಿಗೆಲ್ಲ ಕನ್ನಡಕ ಬೇಡ. ಚಿಕ್ಕ ವಯಸ್ಸಿನಲ್ಲಿ ಪ್ಲಸ್ 1 ಅಥವಾ 2 ಇದ್ದು, ಎರಡೂ ಕಣ್ಣು ಸಮವಾಗಿದ್ದು, ಮೆಳ್ಳೆ ಇಲ್ಲದೆ, ತೊಂದರೆಯೂ ಇಲ್ಲದಿದ್ದರೆ ಸಾಮಾನ್ಯವಾಗಿ ಕಾದು ನೋಡುತ್ತಾರೆ. ನಂಬರು ದೊಡ್ಡದಿದ್ದರೆ, ಎರಡು ಕಣ್ಣಿನ ನಡುವೆ ಅಂತರ ಇದ್ದರೆ, ಕಣ್ಣು ತಿರುಗುತ್ತಿದ್ದರೆ, ಓದಿದಾಗ ದಣಿವಾಗುತ್ತಿದ್ದರೆ ಕನ್ನಡಕ ಬೇಕೇ ಬೇಕು. ಮೆಳ್ಳೆ ಇರುವ ಮಗುವಿಗೆ ಪೂರ್ತಿ ನಂಬರು ಕೊಟ್ಟು, ಎದ್ದಾಗಿನಿಂದ ಮಲಗುವವರೆಗೆ ಹಾಕಿಸುತ್ತಾರೆ. ಉಳಿದವರಿಗೆ ತುಸು ಕಡಿಮೆ ಕೊಡುವುದುಂಟು.

ಹೆತ್ತವರು ಕನ್ನಡಕವನ್ನು ಮೂಲೆಗೆ ಹಾಕುವುದು ಬಹುತೇಕ ಎರಡು ಕಾರಣಕ್ಕೆ. ಒಂದು, ಮೊದಲ ಕೆಲವು ವಾರ ಮಗು ‘ಹಾಕಿದರೇ ಮಂಜು’ ಅನ್ನುತ್ತದೆ. ವರ್ಷಗಳಿಂದ ಬಿಗಿದು ಅಭ್ಯಾಸವಾದ ಸ್ನಾಯು ಒಮ್ಮೆಲೇ ಸಡಿಲಾಗುವುದಿಲ್ಲ, ಅದಕ್ಕೆ ಹೊತ್ತು ಬೇಕು. ಎರಡು, ಕನ್ನಡಕ ತೆಗೆದಾಗ ಕಣ್ಣು ಮೊದಲಿಗಿಂತ ಹೆಚ್ಚು ತಿರುಗಿದ ಹಾಗೆ ಕಾಣುತ್ತದೆ. ಕನ್ನಡಕವೇ ಕೆಡಿಸಿತು ಎಂದು ಗಾಬರಿಯಾಗುತ್ತಾರೆ. ಆದದ್ದು ಬೇರೆ. ಕನ್ನಡಕ ಇದ್ದಾಗ ಕಣ್ಣು ನೇರವಾಗಿರುವುದರಿಂದ ತೆಗೆದಾಗಿನ ತಿರುವು ಈಗ ಎದ್ದು ಕಾಣುತ್ತದೆ, ಹಳೆಯ ಹೊರೆ ಮರಳಿ ಬಿದ್ದದ್ದರ ಗುರುತು ಅದು. ಈ ಬಗೆಯ ಮೆಳ್ಳೆಗೆ ಕನ್ನಡಕವೇ ಔಷಧ. ಬರೀ ಕನ್ನಡಕದಿಂದಲೇ ಕಣ್ಣು ನೇರವಾಗುವ ಎಷ್ಟೋ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದೇ ಇಲ್ಲ.

ಕನ್ನಡಕ ಹಾಕಿದರೆ ನಂಬರು ಏರುತ್ತದೆ ಎಂಬುದು ಸುಳ್ಳು. ಕಣ್ಣಿನ ವ್ಯಾಯಾಮದಿಂದ ಗಿಡ್ಡ ಕಣ್ಣು ಉದ್ದವಾಗುವುದಿಲ್ಲ. ಕ್ಯಾರೆಟ್ಟು, ನುಗ್ಗೆಸೊಪ್ಪು ದೇಹಕ್ಕೆ ಒಳ್ಳೆಯವು, ನಂಬರು ಇಳಿಸಲಾರವು. ಜೇನು, ಹರಳೆಣ್ಣೆ ಏನನ್ನೂ ಕಣ್ಣಿಗೆ ಬಿಡಬಾರದು. ಮಕ್ಕಳ ಕನ್ನಡಕಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಗಾಜು, ಮೂಗಿನ ಮೇಲೆ ಜಾರದ ಫ್ರೇಮು ಇರಲಿ. ಜಾರಿದ ಫ್ರೇಮಿನ ಮೇಲಿಂದ ಇಣುಕುವ ಮಗುವಿಗೆ ಕನ್ನಡಕ ಇದ್ದೂ ಇಲ್ಲದಂತೆ. ಆರು ತಿಂಗಳಿಂದ ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಿಸಬೇಕು.

ಶಿಕ್ಷಕರು ಗಮನಿಸಬೇಕಾದ್ದೂ ಇದೆ. ಅಮೆರಿಕದಲ್ಲಿ ನಾಲ್ಕೈದು ವರ್ಷದ ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕನ್ನಡಕವಿಲ್ಲದ ಮಧ್ಯಮ ಪ್ರಮಾಣದ ದೂರದೃಷ್ಟಿಯ ಮಕ್ಕಳು ಅಕ್ಷರ ಪರಿಚಯದಂಥ ಆರಂಭಿಕ ಕಲಿಕೆಯಲ್ಲಿ ಹಿಂದಿದ್ದುದನ್ನು ಕಂಡಿತು. ನಂಬರು 4 ಮತ್ತು ಅದಕ್ಕಿಂತ ಹೆಚ್ಚಿದ್ದವರಲ್ಲಿ, ಹತ್ತಿರದ ನೋಟ ಕುಗ್ಗಿದ್ದವರಲ್ಲಿ ವ್ಯತ್ಯಾಸ ಹೆಚ್ಚಿತ್ತು. ‘ಓದಿನಲ್ಲಿ ಮನಸ್ಸಿಲ್ಲ’ ಎಂದು ಷರಾ ಬರೆಯುವ ಮುನ್ನ ಕಣ್ಣಿನ ನೆನಪಾಗಲಿ. ಇನ್ನೂ ಒಂದು ಸಂಗತಿ ಗೊತ್ತಿರಲಿ: ತುಂಬಾ ದೊಡ್ಡ ಪ್ಲಸ್ ನಂಬರಿನ ಮಗು ಪುಸ್ತಕವನ್ನು ಮೂಗಿನ ಹತ್ತಿರ ತರುವುದುಂಟು. ಮಸುಕಾದರೂ ಅಕ್ಷರ ದೊಡ್ಡದಾಗಲಿ ಎಂಬುದು ಅದರ ಉಪಾಯ. ಹತ್ತಿರ ಹಿಡಿದವರೆಲ್ಲ ಸಮೀಪದೃಷ್ಟಿಯವರಲ್ಲ.

ದೊಡ್ಡವರ ಪಾಡು

ಚಾಳೀಸು ಎಲ್ಲರಿಗೂ ನಲವತ್ತರ ಆಸುಪಾಸಿನಲ್ಲಿ ಬರುತ್ತದೆ. ಪ್ಲಸ್ ನಂಬರನ್ನು ಹೊತ್ತೇ ಬೆಳೆದವರಿಗೆ ಮೂವತ್ತೈದಕ್ಕೇ ಬರಬಹುದು. ಮೊಬೈಲನ್ನು ಕೈಚಾಚಿ ಹಿಡಿಯುವುದು, ಸೂಜಿಗೆ ದಾರ ಪೋಣಿಸಲು ಬೆಳಕಿಗೆ ಬರುವುದು, ಸಂಜೆಯ ತಲೆನೋವು ಇವೇ ಸುಳಿವು. ನಾಚಿಕೊಂಡು ಮುಂದೂಡುವವರು ದುಡಿಮೆಯಲ್ಲೇ ಬೆಲೆ ಕಟ್ಟುತ್ತಾರೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಹತ್ತಿರ ನೋಡುವ ಕನ್ನಡಕ ಕೊಟ್ಟು ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನ್ನಡಕ ಪಡೆದವರ ಉತ್ಪಾದಕತೆ ಪಡೆಯದವರಿಗಿಂತ ಸುಮಾರು ಶೇ 22ರಷ್ಟು ಹೆಚ್ಚು ಏರಿತ್ತು.

ಸಂತೆಯಲ್ಲಿ ಸಿಗುವ ಸಿದ್ಧ ಕನ್ನಡಕ ತಾತ್ಕಾಲಿಕವಾಗಿ ಓದಿಸಬಲ್ಲದು. ಆದರೆ ಅದರ ಎರಡೂ ಗಾಜಿಗೆ ಒಂದೇ ನಂಬರು, ಮತ್ತು ಅದನ್ನು ಕೊಂಡವರು ಕಣ್ಣಿನ ಪರೀಕ್ಷೆ ಮುಗಿಯಿತು ಎಂದುಕೊಳ್ಳುತ್ತಾರೆ. ಗಿಡ್ಡ ಕಣ್ಣಿನವರಿಗೆ ಅದು ಅಪಾಯ. ಅವರ ಕಣ್ಣಿನ ಮುಂಭಾಗದ ಕೋಣೆ ಕಿರಿದು, ವಯಸ್ಸಾದಂತೆ ಮಸೂರ ದಪ್ಪವಾಗಿ ಒಳಗಿನ ದ್ರವ ಹೊರಹೋಗುವ ಮೂಲೆ ಮುಚ್ಚಿಕೊಳ್ಳಬಹುದು. ಹೀಗೆ ಬರುವ ಗ್ಲಾಕೊಮಾ ಕೆಲವೊಮ್ಮೆ ಒಮ್ಮೆಲೇ ಎರಗುತ್ತದೆ: ಕಣ್ಣು ಕೆಂಪಾಗಿ ವಿಪರೀತ ನೋವು, ದೀಪದ ಸುತ್ತ ಬಣ್ಣದ ಬಳೆ, ತಲೆನೋವು, ವಾಂತಿ. ಪಿತ್ತ, ಅರೆತಲೆನೋವು ಎಂದು ಮಾತ್ರೆ ನುಂಗಿ ಮಲಗಿದರೆ ದೃಷ್ಟಿಯೇ ಹೋಗಬಹುದು. ಅದೇ ದಿನ ಕಣ್ಣಿನ ಆಸ್ಪತ್ರೆಗೆ ಓಡಬೇಕು. ಮೊದಲೇ ಗೊತ್ತಾದರೆ ಲೇಸರಿನಿಂದ ಪಾಪೆಯ ಪಟಲದಲ್ಲಿ ಸಣ್ಣ ದಾರಿ ಮಾಡಿ ತಪ್ಪಿಸಬಹುದು. ಪ್ಲಸ್ ನಂಬರಿನವರು ನಲವತ್ತರ ನಂತರ ‘ನನ್ನ ಕಣ್ಣಿನ ಮೂಲೆ, ಒತ್ತಡ ನೋಡಿದಿರಾ?’ ಎಂದು ಕೇಳಿಯೇ ಬರಬೇಕು.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ಚಿಕಿತ್ಸೆ ಶುರುವಾಗಿ ಸಕ್ಕರೆ ಬೇಗ ಇಳಿದಾಗ ಮಸೂರದಲ್ಲಿ ಆಗುವ ಬದಲಾವಣೆಯಿಂದ ಕೆಲವು ವಾರ ಪ್ಲಸ್ ನಂಬರು ಬರುವುದುಂಟು. ಆಗ ಗಡಿಬಿಡಿಯಲ್ಲಿ ಕನ್ನಡಕ ಮಾಡಿಸಬೇಡಿ, ಸಕ್ಕರೆ ಒಂದು ಹದಕ್ಕೆ ನಿಲ್ಲಲಿ.

ದೂರದೃಷ್ಟಿಯ ಅತಿರೇಕ ಹೇಗಿರುತ್ತದೆಂದು ನಮ್ಮ ಹಳ್ಳಿಗಳಿಗೆ ಗೊತ್ತು. ಡಾ. ಎಂ.ಸಿ. ಮೋದಿ ಅವರಂಥವರು ಊರೂರಿಗೆ ಶಿಬಿರ ಒಯ್ದು ಪೊರೆ ತೆಗೆಯುತ್ತಿದ್ದ ಕಾಲದಲ್ಲಿ, ಪೊರೆಗಟ್ಟಿದ ಮಸೂರವನ್ನು ತೆಗೆದ ಮೇಲೆ ಒಳಗೆ ಬೇರೆ ಮಸೂರ ಇಡುತ್ತಿರಲಿಲ್ಲ. ಹಾಗಾಗಿ ಅಜ್ಜ ಅಜ್ಜಿಯರು ಪ್ಲಸ್ 10ರ ಸೋಡಾಬುಡ್ಡಿ ಕನ್ನಡಕ ಹಾಕುತ್ತಿದ್ದರು. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಬಾರಿ ಕೃತಕ ಮಸೂರವನ್ನು ಕಣ್ಣಿನೊಳಗೆ ಕೂರಿಸಿದರು. ಮದುರೆಯ ಅರೋಲ್ಯಾಬ್ 1992ರಿಂದ ಅದನ್ನು ಇಲ್ಲೇ ತಯಾರಿಸಿ ಬಡವರ ಕೈಗೆಟುಕಿಸಿತು. ಇವತ್ತು ಪ್ಲಸ್ ನಂಬರಿನವರಿಗೆ ಪೊರೆ ಬಂದರೆ, ಒಳಗಿಡುವ ಮಸೂರದ ಶಕ್ತಿಯನ್ನು ಲೆಕ್ಕ ಹಾಕಿ ಹಳೆಯ ನಂಬರನ್ನೂ ಬಹುಪಾಲು ನೀಗಿಸಬಹುದು. ಲೇಸರ್ ಚಿಕಿತ್ಸೆ ವಯಸ್ಕರ ಸಣ್ಣ, ಮಧ್ಯಮ ಪ್ಲಸ್ ನಂಬರಿಗೆ ಇದೆ, ದೊಡ್ಡ ನಂಬರಿಗೆ ಅದರ ಫಲ ಅಷ್ಟು ಖಚಿತವಲ್ಲ. ಬೆಳೆಯುವ ಮಕ್ಕಳಿಗೆ ಸಾಮಾನ್ಯವಾಗಿ ಅದನ್ನು ಮಾಡುವುದಿಲ್ಲ.

ಕೇಳಬೇಕಾದ ಪ್ರಶ್ನೆ

ಮೂರು ವರ್ಷ ತುಂಬಿದಾಗ ಒಮ್ಮೆ, ಒಂದನೇ ತರಗತಿಗೆ ಸೇರಿಸುವ ಮೊದಲು ಇನ್ನೊಮ್ಮೆ ಪ್ರತಿ ಮಗುವಿನ ಕಣ್ಣನ್ನೂ ತೋರಿಸಿ. ಮನೆಯಲ್ಲಿ ದೊಡ್ಡ ನಂಬರು, ಮೆಳ್ಳೆಗಣ್ಣು ಇದ್ದರೆ ಇನ್ನೂ ಮೊದಲೇ ತೋರಿಸಿ. ದೊಡ್ಡ ಖರ್ಚಿನ ಮಾತಲ್ಲ ಇದು. ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ, ಜಿಲ್ಲಾಸ್ಪತ್ರೆಯಲ್ಲಿ ಕಣ್ಣಿನ ವಿಭಾಗ, ಬೆಂಗಳೂರಿನಲ್ಲಿ 1896ರಿಂದ ನಡೆದು ಬಂದ ಮಿಂಟೋ ಆಸ್ಪತ್ರೆ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತವೆ. ಅಲ್ಲಿ ಹೆತ್ತವರು ಕೇಳಬೇಕಾದ ಪ್ರಶ್ನೆ ಒಂದೇ: ‘ಹನಿ ಹಾಕಿ ನೋಡಬೇಕಾಗುತ್ತದೆಯೇ?’

ಶಿಕ್ಷಣ ಇಲಾಖೆಗೂ ಆರೋಗ್ಯ ಇಲಾಖೆಗೂ ಒಂದು ಒತ್ತಾಯ. ಶಾಲಾ ತಪಾಸಣೆಯ ಚೀಲದಲ್ಲಿ ಒಂದು ಜೊತೆ ಪ್ಲಸ್ 2 ಗಾಜಿನ ಕನ್ನಡಕ ಇರಲಿ. ದೋಷವಿಲ್ಲದ ಮಗು ಅದನ್ನು ಹಾಕಿಕೊಂಡು ದೂರದ ಫಲಕ ನೋಡಿದರೆ ಕೆಳಗಿನ ಸಾಲು ಮಸುಕಾಗುತ್ತದೆ. ಹಾಕಿಕೊಂಡೂ ಕೊನೆಯ ಸಾಲನ್ನು ಸರಾಗವಾಗಿ ಓದುವ ಮಗುವಿನ ಕಣ್ಣಲ್ಲಿ ಪ್ಲಸ್ ನಂಬರು ಅಡಗಿರುವ ಸಾಧ್ಯತೆ ಇದೆ, ಅಂಥ ಮಗುವನ್ನು ಆಸ್ಪತ್ರೆಗೆ ಕಳಿಸಬೇಕು. ಇದು ಅಂತಿಮ ಪರೀಕ್ಷೆಯಲ್ಲ, ಒಂದು ಜರಡಿ ಮಾತ್ರ, ಎಲ್ಲರೂ ಇದರಲ್ಲಿ ಸಿಗುವುದಿಲ್ಲ. ಆದರೂ ಒಬ್ಬೊಬ್ಬರಿಗೆ ತಗಲುವುದು ಒಂದು ನಿಮಿಷ, ಬೇಕಾಗುವ ಖರ್ಚು ಒಂದು ಸಾಧಾರಣ ಕನ್ನಡಕದ ಬೆಲೆ. ಹೆಡ್ಡರೆಂದೋ ಸೋಮಾರಿಗಳೆಂದೋ ಹೆಸರು ಹೊತ್ತ ಮಕ್ಕಳಲ್ಲಿ ಕೆಲವರಿಗಾದರೂ ಆ ಒಂದು ನಿಮಿಷದಲ್ಲಿ ನ್ಯಾಯ ಸಿಗುತ್ತದೆ.